ಹಗ್ಗ ಬಿಡುವ ಮುಂಚೆ

ಫೆಬ್ರವರಿ 9, ಭಾನುವಾರ

ರಜೆ ಹಾಕಿ ಬಂದದ್ದಾಯಿತು. ಕನ್ನಡಕದಂಗಡಿಯ ಯಜಮಾನರು ಮುಖ ಸಣ್ಣ ಮಾಡಿಕೊಂಡರು, ಕಣ್ಣು ಪರೀಕ್ಷೆ ಮಾಡೋರು ಬೇರೆ ಯಾರಿದ್ದಾರೆ ಅಂತ. ನಾನು ವಾಪಸ್ ಬರೋವರೆಗೂ ಎಲ್ಲರ ಕಣ್ಣೂ ಈಗಿರೋ ಹಾಗೇ ಇರಲಿ ಅಂದೆ. ನಗಲಿಲ್ಲ.

ಅತ್ತಿಗೆಗೆ ದಿನ ತುಂಬುತ್ತಾ ಬಂದಿದೆ. ಆಸ್ಪತ್ರೆ ಆಚೆ ದಡದಲ್ಲಿ. ಸೇತುವೆಯನ್ನು ದುರಸ್ತಿಗೆ ಮುಚ್ಚಿದ್ದಾರೆ, ಸುತ್ತುದಾರಿ ಹಿಡಿದರೆ ಅರ್ಧ ದಿನ ಬೇಕು. ದೊಡ್ಡ ದೋಣಿ ಬೆಳಿಗ್ಗೆ ಹೋದರೆ ಬರುವುದು ಸಂಜೆಗೆ. ಮೊದಲೇ ಬಂದು ಸೇರಿಕೊಳ್ಳುತ್ತೇವೆ ಅಂದರೆ ಹಾಸಿಗೆ ಖಾಲಿ ಇಲ್ಲವಂತೆ, ನೋವು ಶುರುವಾದ ಮೇಲೆ ಬನ್ನಿ ಎಂದರಂತೆ. ನೋವು ಗಡಿಯಾರ ನೋಡಿಕೊಂಡು ಬರುತ್ತದೆಯೇ? ಉಳಿದದ್ದು ನಮ್ಮ ಮನೆಯ ಸಣ್ಣ ದೋಣಿ ಒಂದೇ.

ಅಣ್ಣ ಹೋದದ್ದು ಅದೇ ದೋಣಿಯಿಂದ. ಬರೆಯದಿದ್ದರೆ ಆಗಿಲ್ಲವೆಂದಾಗುವುದಿಲ್ಲ, ಬರೆದೇಬಿಡುತ್ತೇನೆ. ಹೋದ ಸೆಪ್ಟೆಂಬರಿನಲ್ಲಿ ಒಂದು ಬೆಳಿಗ್ಗೆ ಒಬ್ಬನೇ ಹೊರಟ. ದೋಣಿ ನೀರಿನ ನಡುವೆ ತನ್ನಷ್ಟಕ್ಕೆ ತಾನು ಸುತ್ತು ಹಾಕುತ್ತಾ ಸಿಕ್ಕಿತು. ಇಂಜಿನ್ ಓಡುತ್ತಲೇ ಇತ್ತು, ಒಳಗೆ ಯಾರೂ ಇರಲಿಲ್ಲ. ಅಣ್ಣ ಆಮೇಲೆ ಸಿಕ್ಕಿದ.

ಅವತ್ತಿನಿಂದ ದೋಣಿ ಇಳಿಜಾರಿನ ಮೇಲೆ ಟಾರ್ಪಾಲ್ ಹೊದ್ದು ಮಲಗಿದೆ. ಮಾರಿಬಿಡಿ ಅಂತ ನಾನೇ ಎಷ್ಟು ಸಲ ಹೇಳಿದ್ದೆ. ಈಗ ಅದನ್ನು ಎಬ್ಬಿಸಬೇಕಾದವಳೂ ನಾನೇ.

ಅಮ್ಮ ಬಡವಾಗಿದ್ದಾಳೆ. ಮಾತೂ ವಿಚಿತ್ರ. ಸಕ್ಕರೆ ಇದೆಯಾ ಅಂದರೆ "ನೋಡ್ಕೋ". ಬಿಸಿನೀರು ಇದೆಯಾ ಅಂದರೆ "ಮುಟ್ಟಿ ನೋಡು". ಇದೆ ಅಂತ ಒಂದು ಮಾತು ಹೇಳುವುದಕ್ಕೆ ಏನು ಕಷ್ಟವೋ. ಅಡುಗೆಮನೆಯಲ್ಲಿ ಹೊಗೆ ಅಂತ ನೀರಿನ ಕಡೆಯ ಕಿಟಕಿ ತೆಗೆದರೆ ಸರಕ್ಕನೆ ಬಂದು ಮುಚ್ಚಿದಳು.

ಫೆಬ್ರವರಿ 11, ಮಂಗಳವಾರ

ಬೋಲ್ಟ್ ಮಾವ ಬಂದು ಇಂಜಿನ್ ಬಿಚ್ಚಿಕೊಂಡು ಹೋದರು. ಅವರು ಇಂಜಿನ್ ರಿಪೇರಿಯವರು. ಅಣ್ಣನೂ ನಾನೂ ಚಿಕ್ಕವರಿದ್ದಾಗಿನಿಂದ ಅವರಿಗೆ ಅದೇ ಹೆಸರು. "ಇದು ಹೊಸ ಅಳಿಯ ಇದ್ದ ಹಾಗಮ್ಮ. ಉಪಚಾರ ಮಾಡದೆ ಎದ್ದೇಳಲ್ಲ" ಅಂದರು. ಅವರದೇ ದೋಣಿಯಲ್ಲಿ ಕರೆದುಕೊಂಡು ಹೋಗಬಹುದಾ ಅಂತ ಆಸೆಯಿಂದ ಕೇಳಿದೆ. ಅದರ ತಳ ಬಿಚ್ಚಿ ಹಾಕಿದ್ದಾರಂತೆ.

ಮಧ್ಯಾಹ್ನವೆಲ್ಲ ತಳ ಉಜ್ಜಿದೆ. ಕೈ ಬೊಬ್ಬೆ. ದೋಣಿಯ ಹಿಂಬದಿ ತಳದಲ್ಲಿರುವ ನೀರುತೂತಿಗೆ ಹಾಕುವ ಬಿರಡೆ ಬೀಗದಕೈ ಜೊತೆ ಜೋತಾಡುತ್ತಿತ್ತು. ದೋಣಿ ಮೇಲೆಳೆದ ಕೂಡಲೇ ಬಿರಡೆ ತೆಗೆಯಬೇಕು, ಮಳೆನೀರು ಹರಿದುಹೋಗಲಿ ಅಂತ. ಇಳಿಸುವ ಮುಂಚೆ ಹಾಕಬೇಕು. ಹಾಕಲು ಮರೆತವರ ದೋಣಿ ನಡುನೀರಿನಲ್ಲಿ ಬಕೆಟ್ಟಾಗುತ್ತದೆ.

ಕೆಂಪು ದಾರ ದೋಣಿಯೊಳಗಿನ ಕೊಕ್ಕೆಗೇ ನೇತುಹಾಕಿತ್ತು. ಯಾರೂ ಮುಟ್ಟಿಲ್ಲ. ಅದರ ಒಂದು ತುದಿ ಇಂಜಿನ್ನಿಗೆ, ಇನ್ನೊಂದು ತುದಿ ನಡೆಸುವವರ ಮಣಿಕಟ್ಟಿಗೆ. ಅವರು ನೀರಿಗೆ ಬಿದ್ದರೆ ದಾರ ಎಳೆದು ಇಂಜಿನ್ ನಿಲ್ಲುತ್ತದೆ, ದೋಣಿ ಅಲ್ಲೇ ಕಾಯುತ್ತದೆ. ಅವತ್ತು ಕಾಯಲಿಲ್ಲ. ಎಷ್ಟು ಚೆನ್ನಾಗಿ ಸುತ್ತಿಟ್ಟಿದ್ದಾನೆ ಮಹಾರಾಯ! ಸಿಟ್ಟು ಬಂತು. ಅಲ್ಲೇ ಕೂತು ಅತ್ತೆ.

ಫೆಬ್ರವರಿ 14, ಶುಕ್ರವಾರ

ನಮ್ಮ ಮನೆಯಲ್ಲಿ ದೋಣಿ ಹಾಗೆಲ್ಲ ಹೊರಡುವುದಿಲ್ಲ. ಅಜ್ಜನ ಕಾಲದ ಪದ್ಧತಿ. ದೋಣಿಯಲ್ಲಿರುವವರು ಒಂದೊಂದೇ ಕೂಗಬೇಕು: ಬಿರಡೆ? ಎಣ್ಣೆ? ಹುಟ್ಟು? ಜಾಕೆಟ್? ಡಬ್ಬಿ? ಕೆಂಪು ದಾರ? ಜಾಕೆಟ್ ಅಂದರೆ ನೀರಿಗೆ ಬಿದ್ದರೆ ತೇಲಿಸುವುದು, ಡಬ್ಬಿ ಅಂದರೆ ದೋಣಿಗೆ ನುಗ್ಗಿದ ನೀರು ಎತ್ತಿ ಚೆಲ್ಲುವುದು. ನೀರಂಚಿನ ಕಟ್ಟೆಯ ಮೇಲಿರುವವರು ನೋಡಿ "ಇದೆ" ಅನ್ನಬೇಕು. ಕೊನೆಗೆ "ಹಗ್ಗ ಬಿಡು" ಅಂದರೆ ಕಟ್ಟೆಯವರೇ ಹಗ್ಗ ಬಿಡಬೇಕು. ಚಿಕ್ಕವಳಿದ್ದಾಗ ನಾನು ಒಳಗೆ, ಅಣ್ಣ ಕಟ್ಟೆಯ ಮೇಲೆ. ಬೇಕೆಂದೇ ಆಕಳಿಸುತ್ತಾ "ಇ...ದೆ ಕಣೇ ಕನ್ನಡ್ಕ" ಅನ್ನುತ್ತಿದ್ದ. ನನಗೆ ಎಂಟು ವರ್ಷಕ್ಕೇ ಕನ್ನಡಕ ಬಂದಿತ್ತು.

ಇವತ್ತು ಒಬ್ಬಳೇ ಒಮ್ಮೆ ಕೂಗಿ ನೋಡಿದೆ. ಉತ್ತರ ಕೊಡುವವರಿಲ್ಲದೆ ಹುಚ್ಚಿಯ ಹಾಗೆ ಕಂಡಿರಬೇಕು.

ಫೆಬ್ರವರಿ 19, ಬುಧವಾರ

ಇಂಜಿನ್ ಬಂತು, ಕೂರಿಸಿದೆವು. ಮಾವ ಹೋದ ಮೇಲೆ ಮಂಜು ಇಳಿಯಿತು. ಎದುರು ದಡ ಹೋಯಿತು, ಆಮೇಲೆ ಕಟ್ಟೆಯ ತುದಿಯೂ ಹೋಯಿತು. ದೋಣಿಯಲ್ಲಿ ನಾನು, ಕೈಯಲ್ಲಿ ಒರೆಸುವ ಬಟ್ಟೆ.

"ಬಿರಡೆ?" ಅಂದೆ, ಸುಮ್ಮನೆ.

"ಇದೆ."

ಹಿಂದಿನಿಂದ. ಅಣ್ಣ ಕೂರುವ ಹಲಗೆಯಿಂದ. ಜೋರಾಗಿ ಅಲ್ಲ, ಮನೆಯೊಳಗೆ ಮಾತಾಡುವಷ್ಟೇ.

ಮನೆಗೆ ಹೇಗೆ ಬಂದೆನೋ ಗೊತ್ತಿಲ್ಲ. ಒಂದು ಚಪ್ಪಲಿ ಅಲ್ಲೇ ಬಿಟ್ಟಿದ್ದೇನೆ.

ಫೆಬ್ರವರಿ 20, ಗುರುವಾರ

ಹೋಗಲಿಲ್ಲ. ತಲೆನೋವು ಅಂದೆ.

ಫೆಬ್ರವರಿ 22, ಶನಿವಾರ

ಚಪ್ಪಲಿ ತರಲೇಬೇಕಿತ್ತು. ಹೋದೆ. ಬಿಸಿಲಿತ್ತು, ಬಿಸಿಲಲ್ಲಿ ಹೆದರುವುದಕ್ಕೆ ನಾಚಿಕೆಯಾಗುತ್ತದೆ. ನೀರಿನ ಕಡೆ ಮುಖ ಮಾಡಿ ನಿಂತು ಕೂಗಿದೆ. ತಿರುಗಿ ನೋಡುವ ಧೈರ್ಯ ಇರಲಿಲ್ಲ.

ಬಿರಡೆ? ಇದೆ. ಎಣ್ಣೆ? ಇದೆ. ಹುಟ್ಟು? ಇದೆ. ಜಾಕೆಟ್? ಇದೆ. ಡಬ್ಬಿ? ಇದೆ.

ಅವನದೇ ದನಿ, ನೆಗಡಿಯಾದಾಗಿನ ದನಿ. ಕೆಂಪು ದಾರ ಅಂದೆ. ನೀರು ಕಟ್ಟೆಗೆ ಬಡಿಯುತ್ತಿತ್ತು. ಮತ್ತೊಮ್ಮೆ ಕೆಂಪು ದಾರ ಅಂದೆ. ಏನೂ ಇಲ್ಲ.

ತಿರುಗಿ ನೋಡಿದೆ. ಖಾಲಿ ಹಲಗೆ.

ಫೆಬ್ರವರಿ 25, ಮಂಗಳವಾರ

ಈಗ ಭಯ ಅಷ್ಟಿಲ್ಲ. ಬೆಳಿಗ್ಗೆ ಚಹಾ ತೆಗೆದುಕೊಂಡು ಅಲ್ಲಿಗೇ ಹೋಗುತ್ತೇನೆ. ಕೂಗುತ್ತೇನೆ, ಹೇಳುತ್ತಾನೆ. ಬೇರೆ ಏನು ಕೇಳಿದರೂ ಮಾತಿಲ್ಲ. ನೀರು ತಣ್ಣಗಿತ್ತಾ ಅಂತ ಕೇಳಿದೆ. ಅತ್ತಿಗೆಗೆ ಏನಾದರೂ ಹೇಳಬೇಕಾ ಅಂತ ಕೇಳಿದೆ. ಹುಟ್ಟು ಅಂದರೆ ಮಾತ್ರ ತಕ್ಷಣ ಇದೆ.

ಆ ತಕ್ಷಣವೇ ನನಗೆ ಸರಿ ಕಾಣುತ್ತಿಲ್ಲ. ಅಂಗಡಿಯಲ್ಲಿ ದಿನಾ ನೋಡುತ್ತೇನೆ. ಗೋಡೆಯ ಮೇಲಿನ ಅಕ್ಷರ ಓದಿ ಅಂದರೆ ಕೆಲವರು ಪಟಪಟನೆ ಒಪ್ಪಿಸಿಬಿಡುತ್ತಾರೆ. ಒಳಗೆ ಬರುವಾಗಲೇ ಬಾಯಿಪಾಠ ಮಾಡಿಕೊಂಡಿರುತ್ತಾರೆ, ಕಣ್ಣಿಗೆ ಕಾಣುವುದು ಬರೀ ಬಿಳಿ ಹಾಳೆ. ಕಾಣುವವರು ನಿಧಾನ. ಸ್ವಲ್ಪ ತಡವರಿಸುತ್ತಾರೆ, ಕಣ್ಣು ಕಿರಿದು ಮಾಡುತ್ತಾರೆ. ಕಳ್ಳರನ್ನು ಹಿಡಿಯಲು ನಾನು ಹಾಳೆ ಬದಲಿಸುತ್ತೇನೆ.

ಇಂಜಿನ್ ಕೂರಿಸಿದ ದಿನ ಹಾಕಿದ್ದ ಬಿರಡೆಯನ್ನು ಇವತ್ತು ಕಿತ್ತು ಮುಷ್ಟಿಯಲ್ಲಿ ಮುಚ್ಚಿಕೊಂಡು ಕೂಗಿದೆ. "ಬಿರಡೆ?"

"ಇದೆ."

ಸುಳ್ಳು ಹೇಳುತ್ತಿದ್ದಾನಾ? ಪಾಪ, ಅವನಿಗೆ ಕಾಣುವುದಿಲ್ಲವೇನೋ. ಬಿರಡೆ ಜೇಬಿಗೆ ಹಾಕಿಕೊಂಡು ಇನ್ನೊಮ್ಮೆ ಕೂಗಿದೆ, ಅವನ ದನಿ ಕೇಳುವುದಕ್ಕೆ. ಇನ್ನೂ ಒಮ್ಮೆ.

ಫೆಬ್ರವರಿ 28, ಶುಕ್ರವಾರ

ಮಾವ ನೀರಿಗಿಳಿಸೋಣ ಅಂದರು. ಎಣ್ಣೆಯ ಪೈಪು ಬದಲಿಸದೆ ಬೇಡ ಅಂದೆ. ಹೊಸ ಪೈಪು ಹಾಕಿದರು. ಆಗ, ಲಂಗರಿನ ಹಗ್ಗ ನವೆದಿದೆ ಅಂದೆ. "ಇನ್ನು ದೋಣಿಗೆ ಸೀರೆ ಉಡಿಸೋದು ಒಂದು ಬಾಕಿ" ಅಂದು ಹೊರಟುಹೋದರು.

ನನಗೆ ಪರೀಕ್ಷೆ ಇನ್ನೂ ಸಾಕಾಗಿಲ್ಲ, ಅಷ್ಟೇ. ಅವಸರದಿಂದ ಏನಾಯಿತು ಅಂತ ಈ ಮನೆಗೆ ಹೇಳಿಕೊಡಬೇಕಾಗಿಲ್ಲ.

ಊಟಕ್ಕೆ ಕೂತಾಗ ಅತ್ತಿಗೆ ತಟ್ಟೆ ಮುಟ್ಟಲಿಲ್ಲ. ಅವಳು ನನ್ನ ಓರಗೆಯವಳು, ಅಣ್ಣನಿಗಿಂತ ಮುಂಚೆ ನನ್ನ ಗೆಳತಿ. "ದೋಣಿ ರೆಡಿಯಾಗಿ ಎಷ್ಟು ದಿನ ಆಯ್ತು ಅಂತ ಮಾವ ಹೇಳಿದ್ರು" ಅಂದಳು.

"ಇನ್ನೊಂದೆರಡು ಕೆಲಸ ಇದೆ."

"ಯಾರಿಗೋಸ್ಕರ ರೆಡಿ ಮಾಡ್ತಿದೀಯಾ ನೀನು? ನನಗಾ? ನಿಮ್ಮಣ್ಣನಿಗಾ?"

ನನಗೆ ಸಿಟ್ಟು ಬಂತು. ಮಧ್ಯಾಹ್ನವೆಲ್ಲ ದೋಣಿಯಲ್ಲೇ ಕೂತಿದ್ದೆ. ನೀರಿಗಿಳಿದರೆ, ಯಾರೋ ಬಂದು ಕೂತರೆ, ಅವನು ಮಾತು ನಿಲ್ಲಿಸಿಬಿಟ್ಟರೆ? ಇದನ್ನು ಯಾರ ಹತ್ತಿರ ಹೇಳಲಿ.

ಮಾರ್ಚ್ 3, ಸೋಮವಾರ

ಕೊನೆಗೂ ಇಳಿಸಿದೆವು. ಮಾವನೇ ಮುಂದೆ ಕೂತು, ನನ್ನ ಕೈಗೆ ಇಂಜಿನ್ನಿನ ಹಿಡಿ ಕೊಟ್ಟರು. ಮರೆತಿಲ್ಲ. ಕೈಗೆ ಎಲ್ಲ ನೆನಪಿದೆ. ನಡುನೀರಿನಲ್ಲಿ ಕೆಂಪು ದಾರ ಎಳೆದು ನೋಡು ಅಂದರು. ಮಣಿಕಟ್ಟು ಹಿಂದಕ್ಕೆಳೆದೆ. ಇಂಜಿನ್ ಗಪ್ಪನೆ ನಿಂತಿತು. ಅದೆಂಥ ಮೌನ! ದೋಣಿ ನಾಯಿಯ ಹಾಗೆ ನಿಂತು ಕಾಯಿತು. ಇಷ್ಟೇ ಇಷ್ಟು ಸಾಕಿತ್ತಲ್ಲ ಅನಿಸಿತು. ಮಾವ ಬೇರೆ ಕಡೆ ನೋಡಿದರು.

ಅವರಿದ್ದಷ್ಟು ಹೊತ್ತೂ ದನಿ ಇರಲಿಲ್ಲ. ಮೇಲೆಳೆದು, ಬಿರಡೆ ತೆಗೆದು, ಅವರು ಹೋದ ಮೇಲೆ ಕೂಗಿದೆ. ಹೇಳಿದ. ಜೀವ ಬಂತು.

ಸಂಜೆ ಅತ್ತಿಗೆಗೆ ಜಾಕೆಟ್ ಹಾಕಿ ನೋಡಿದೆ. ಅವಳದು ಹೊಟ್ಟೆಯ ಮೇಲೆ ಕೂಡುವುದಿಲ್ಲ. ಅಣ್ಣನದು ಸರಿಹೋಯಿತು. ಅವಳು ಕಾಲರಿನೊಳಗೆ ಮೂಗು ಹಾಕಿ ಬಹಳ ಹೊತ್ತು ಹಾಗೇ ಕೂತಿದ್ದಳು. ಅವತ್ತು ಅದೂ ಮನೆಯಲ್ಲೇ ಗೂಟದ ಮೇಲಿತ್ತು.

ಮಾರ್ಚ್ 5, ಬುಧವಾರ

ಬೆಳಿಗ್ಗೆ ಚಹಾ ಲೋಟ ತೊಳೆಯಲು ಬಂದರೆ ಅಡುಗೆಮನೆಯ ಕಿಟಕಿ ತೆಗೆದಿತ್ತು. ಅಮ್ಮ ಅದರ ಮುಂದೆ ನಿಂತಿದ್ದಳು, ಕೈಯಲ್ಲಿ ಹಾಲಿನ ಪಾತ್ರೆ.

"ದಾರ ಅಂದಾಗ ಅವನು ಸುಮ್ಮನಾಗ್ತಾನೆ ಅಲ್ವಾ?" ಅಂದಳು.

ಲೋಟ ಕೆಳಗಿಟ್ಟೆ. "ನಿನಗೂ ಕೇಳ್ಸುತ್ತಾ?"

"ನನಗೆ ಮೊದಲಿಂದಾನೂ ಕೇಳ್ಸುತ್ತೆ. ಕೂಗೋರು ಇಲ್ದೆ ಇದ್ರೂ ಕೇಳ್ಸುತ್ತೆ. ಅದಕ್ಕೇ ಕಿಟಕಿ ಮುಚ್ಚೋದು."

ಆಮೇಲೆ ಹೇಳಿದಳು, ನನ್ನ ಕಡೆ ನೋಡದೆ. ಅವತ್ತು ಹಾಲು ಉಕ್ಕುತ್ತಿತ್ತಂತೆ. ಅಣ್ಣ ಕೆಳಗಿನಿಂದ ಕೂಗಿದನಂತೆ, ಬಿರಡೆ, ಎಣ್ಣೆ, ಹುಟ್ಟು. ಅಮ್ಮ ಇಳಿದು ಹೋಗಲಿಲ್ಲ. ಕಿಟಕಿಯಿಂದಲೇ, ಬೆನ್ನು ತಿರುಗಿಸಿಕೊಂಡೇ, ಇದೆ ಇದೆ ಇದೆ ಅಂದಳು. ಅಷ್ಟು ವರ್ಷ ಹೇಳಿ ಹೇಳಿ ನಾಲಿಗೆಗೆ ಅಭ್ಯಾಸ. ಅವನೂ ನೋಡದೆ ಕೂಗಿದ, ಇವಳೂ ನೋಡದೆ ಓಗೊಟ್ಟಳು. ಹಗ್ಗ ತಾನೇ ಬಿಡಿಸಿಕೊಂಡು ಹೋದ.

"ಕೊನೇದು ಕೆಂಪು ದಾರ. ಅದಕ್ಕೂ ಇದೆ ಅಂದೆ. ಜಾಕೆಟ್ ಇಲ್ಲೇ ನನ್ನ ತಲೆ ಮೇಲೆ ಗೂಟದಲ್ಲಿ ನೇತಾಡ್ತಿತ್ತು, ಅದಕ್ಕೂ ಇದೆ ಅಂದೆ. ಅಮ್ಮ ಇದೆ ಅಂದ್ಲಲ್ಲ ಅಂತ ಹೋದ."

ಅಮ್ಮನನ್ನು ತಬ್ಬಿಕೊಂಡೆ. ಕೋಲಿನಂತೆ ನಿಂತಿದ್ದಳು. ನಿನ್ನ ತಪ್ಪಲ್ಲ ಅಂತ ನಾನು ಹೇಳಬೇಕಿತ್ತು. ಇಷ್ಟು ದಿನ ಸಕ್ಕರೆಗೆ ಮುಖ ಗಂಟು ಹಾಕುತ್ತಿದ್ದೆನಲ್ಲ ನಾನು.

ಮಾರ್ಚ್ 6, ಗುರುವಾರ. ಆಸ್ಪತ್ರೆ.

ಕಾರಿಡಾರಿನಲ್ಲಿ ಕೂತು ಬರೆಯುತ್ತಿದ್ದೇನೆ.

ಬೆಳಿಗ್ಗೆ ಎಂದಿನಂತೆ ದೋಣಿಗೆ ಹೋಗಿದ್ದೆ, ಕೂಗಿದ್ದೆ. ದೊಡ್ಡ ದೋಣಿ ಹೋಗಿ ಸ್ವಲ್ಪ ಹೊತ್ತಿಗೆ ಅತ್ತಿಗೆ ಬಾಗಿಲು ಹಿಡಿದುಕೊಂಡು ನಿಂತಳು. ನೀರು ಒಡೆದಿತ್ತು. ಆಂಬುಲೆನ್ಸಿನವರು ಸುತ್ತುದಾರಿಯಲ್ಲಿ ಬರಬೇಕು ಅಂದರು. ಮಾವ ಎಲ್ಲೋ ಕೆಲಸಕ್ಕೆ ಹೋಗಿದ್ದರು. ನಾನೂ ಅಮ್ಮನೂ ಅವಳನ್ನು ಎರಡೂ ಕಡೆ ಹಿಡಿದು ಇಳಿಸಿದೆವು, ಅಣ್ಣನ ಜಾಕೆಟ್ ಹಾಕಿ, ಇಳಿಜಾರಿನ ಮೇಲೇ ದೋಣಿಯಲ್ಲಿ ಕೂರಿಸಿದೆವು. ಉರುಳೆಗಳ ಮೇಲೆ ಒಂದು ನೂಕು ಕೊಟ್ಟರೆ ನೀರು. ಅವಳು ಹಲ್ಲು ಕಚ್ಚಿಕೊಂಡಿದ್ದಳು, "ಬೇಗ, ಬೇಗ ಕಣೇ" ಅನ್ನುತ್ತಿದ್ದಳು.

ನನ್ನ ಬಾಯಿ ತಾನಾಗಿಯೇ ಶುರು ಮಾಡಿತು. "ಬಿರಡೆ?"

"ಇದೆ" ಅಂದ ಅಣ್ಣ ಹಿಂದಿನ ಹಲಗೆಯಿಂದ, ತಕ್ಷಣ.

"ಎಣ್ಣೆ?" "ಇದೆ." ಅವನು ಬೇಗ ಬೇಗ ಹೇಳುತ್ತಿದ್ದ, ನಾನೂ ಬೇಗ ಬೇಗ ಕೂಗುತ್ತಿದ್ದೆ. ಹುಟ್ಟು, ಜಾಕೆಟ್, ಡಬ್ಬಿ. ಎಷ್ಟು ನಿರಾಳವಾಗಿತ್ತು. ನೂಕಲು ಬಾಗಿದೆ. ತೊಡೆಗೆ ಏನೋ ಒತ್ತಿತು. ಜೇಬಿನಲ್ಲಿ.

ಬಿರಡೆ.

ಬೆಳಿಗ್ಗೆ ಅವನ ದನಿ ಕೇಳುತ್ತಾ ಅಲ್ಲೇ ಹಾಕಿಕೊಂಡಿದ್ದೆ. ನೀರುತೂತು ತೆರೆದೇ ಇತ್ತು, ನನ್ನ ಹೆಬ್ಬೆರಳು ಅದರೊಳಗೆ ಹೋಯಿತು. ಒಂದೇ ನೂಕಿಗೆ ಅವಳನ್ನೂ ಹೊಟ್ಟೆಯೊಳಗಿನದನ್ನೂ ಬಕೆಟ್ಟಿನಲ್ಲಿ ಕೂರಿಸಿ ನಡುನೀರಿಗೆ ಒಯ್ಯುತ್ತಿದ್ದೆ.

ಬಿರಡೆ ಒತ್ತಿ ತಿರುಗಿಸುತ್ತಾ "ಸುಳ್ಳು ಹೇಳ್ಬೇಡ ಕಣೋ" ಅಂತ ಕಿರುಚಿದೆ. ಅತ್ತಿಗೆ ನನ್ನನ್ನೇ ನೋಡಿದಳು. ಅವಳಿಗೆ ಆ ದನಿ ಕೇಳಿಸಿತ್ತೋ ಇಲ್ಲವೋ ಗೊತ್ತಿಲ್ಲ.

"ತಡಿ" ಅಂದಳು ಅಮ್ಮ. "ಮೊದಲಿಂದ ಕೂಗು. ನಾನು ಹೇಳ್ತೀನಿ."

"ಅಮ್ಮಾ, ಹೊತ್ತಿಲ್ಲ!"

"ಕೂಗು ಅಂದ್ನಲ್ಲ."

ಕೂಗಿದೆ. ಅಮ್ಮ ಮಂಡಿಯೂರಿ ಬಿರಡೆಯ ಮೇಲೆ ಅಂಗೈ ಒತ್ತಿ ನೋಡಿ "ಇದೆ" ಅಂದಳು. ಟ್ಯಾಂಕ್ ಎತ್ತಿ ಅಲ್ಲಾಡಿಸಿ "ಇದೆ" ಅಂದಳು. ಅಷ್ಟು ತಿಂಗಳಾದ ಮೇಲೆ ಆ ಮಾತು ಅವಳ ಬಾಯಿಂದ ಒಡೆದುಕೊಂಡು ಬರುತ್ತಿತ್ತು. ಹುಟ್ಟು ಮುಟ್ಟಿದಳು, ಡಬ್ಬಿ ಮುಟ್ಟಿದಳು, ಅಣ್ಣನ ಜಾಕೆಟ್ಟಿನ ಬಕಲ್ ಒಂದೊಂದಾಗಿ ಎಳೆದಳು, ನನ್ನದನ್ನೂ ಎಳೆದಳು. ಹಲಗೆಯ ಕಡೆಯಿಂದ ಒಂದು ದನಿಯಿಲ್ಲ.

ದೋಣಿ ನೀರಿಗಿಳಿಯಿತು. ಅಮ್ಮ ಕಟ್ಟೆಗೆ ಹತ್ತಿ ಹಗ್ಗ ಹಿಡಿದಳು. ನಾನು ಹಿಂದೆ ಕೂತು ದಾರ ಮಣಿಕಟ್ಟಿಗೆ ಹಾಕಿಕೊಂಡೆ. ಇಂಜಿನ್ ಎದ್ದಿತು.

"ಕೆಂಪು ದಾರ?" ಅಂದೆ.

ಅಮ್ಮ ಹಗ್ಗ ಬಿಡಲಿಲ್ಲ. ಕಟ್ಟೆಯ ಮೇಲೆ ಹೊಟ್ಟೆಯ ಮೇಲೆ ಮಲಗಿ, ಕೈ ಚಾಚಿ, ದಾರ ಹಿಡಿದು ಮೆಲ್ಲಗೆ ಎಳೆದಳು. ನನ್ನ ಕೈ ಅವಳ ಕಡೆಗೆ ಹೋಯಿತು. ಅವಳ ಕಣ್ಣಲ್ಲಿ ನೀರು ಸುರಿಯುತ್ತಿತ್ತು, ಆದರೂ ಕಣ್ಣು ದಾರದ ಮೇಲೇ ಇತ್ತು. ಅದನ್ನು ಪೂರ್ತಿ ನೋಡಿದ ಮೇಲೆ ಹೇಳಿದಳು.

"ಇದೆ."

ಆಮೇಲಿನದು ನನಗೆ ಸರಿಯಾಗಿ ಗೊತ್ತಿಲ್ಲ. ಯಾರೋ "ಹಗ್ಗ ಬಿಡು" ಅಂದರು. ಅಮ್ಮ ಬಿಟ್ಟಳು. ನಾನೇ ಅಂದೆ ಅಂತ ಈಗಷ್ಟೇ ಅತ್ತಿಗೆಗೆ ಹೇಳಿದೆ. "ಇಲ್ಲ ಕಣೇ, ನೀನು ಬಾಯಿ ತೆಗೀಲಿಲ್ಲ" ಅಂದಳು, ಕಣ್ಣು ಮುಚ್ಚಿಕೊಂಡೇ.

ಹೆಣ್ಣು ಮಗು. ನಾವು ದಡ ಸೇರಿ ಹೆಚ್ಚು ಹೊತ್ತು ಕಾಯಿಸಲಿಲ್ಲ. ಇಬ್ಬರೂ ಚೆನ್ನಾಗಿದ್ದಾರೆ.

ಮಾರ್ಚ್ 15, ಶನಿವಾರ

ಸೋಮವಾರದಿಂದ ಅಂಗಡಿ. ಬಾಣಂತಿಗೆ ಬೇಕಾದ ಔಷಧಿ ತರಲು ಬೆಳಿಗ್ಗೆ ಆಚೆ ದಡಕ್ಕೆ ಹೋಗಿ ಬಂದೆ. ಒಬ್ಬಳೇ ಓಡಿಹೋಗಿ ಬರುತ್ತೇನೆ ಅಂದರೆ ಅಮ್ಮ ಕೇಳಬೇಕಲ್ಲ, ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಹಿಂದೆಯೇ ಬಂದಳು.

ಈಗ ಅವಳ ಪರೀಕ್ಷೆ ನನ್ನ ಅಂಗಡಿಯದಕ್ಕಿಂತ ಕಟ್ಟುನಿಟ್ಟು. ಬಿರಡೆ ಅಂದರೆ ಒಂದು ಯುಗ. ಹುಟ್ಟು ಅಂದರೆ ಇನ್ನೊಂದು ಯುಗ. ಬಿಸಿಲು ಏರುತ್ತಿತ್ತು, ಇಂಜಿನ್ ಗೊರಗೊರ ಅನ್ನುತ್ತಿತ್ತು.

"ಎಷ್ಟು ಹೊತ್ತಮ್ಮ! ದಾರ ಇದೆಯಾ ಇಲ್ವಾ ಹೇಳು."

"ಸುಮ್ನಿರೇ. ನೋಡ್ತಾ ಇದೀನಿ."

ನೋಡಿದಳು. ಇದೆ ಅಂದಳು. ಹಗ್ಗ ಬಿಡು ಅಂದೆ, ಬಿಟ್ಟಳು. ಮನೆಯಲ್ಲಿ ಮಗು ಎದ್ದು ಅಳುವುದು ಅಡುಗೆಮನೆಯ ಕಿಟಕಿಯಿಂದ ನೀರಿನವರೆಗೂ ಕೇಳಿಸುತ್ತಿತ್ತು. ಎಂಥ ಗಂಟಲಪ್ಪ ಅದರದು, ಥೇಟ್ ಅಪ್ಪನದೇ.

ನಡುನೀರಿಗೆ ಬಂದ ಮೇಲೆ ನೆನಪಾಯಿತು, ಇವತ್ತು ಹಿಂದಿನ ಹಲಗೆಯ ಕಡೆ ನಾನು ಕಿವಿಯನ್ನೇ ಕೊಟ್ಟಿರಲಿಲ್ಲ. ಅಲ್ಲಿ ನಾನೇ ಕೂತಿದ್ದೆ.